ಬಾಗಿಲ ಮರೆಯ ನೀರು

ಎಂಬತ್ತಾರನೆಯ ಇಸವಿಯಲ್ಲಿ ರಮ್ಜಾನ್ ತಿಂಗಳು ಮೇ ಬಿಸಿಲಿನೊಳಗೆ ಬಂತು. ಬೆಟಗೇರಿ ಪೇಟೆಯಲ್ಲಿ ಖರ್ಜೂರ ಕಿಲೋಗೆ ಹದಿನಾಲ್ಕು ರೂಪಾಯಿ, ನಿಂಬೆಹಣ್ಣು ಒಂದಕ್ಕೆ ನಾಲ್ಕಾಣೆ, ಗೋಣಿತಾಟಿನಲ್ಲಿ ಸುತ್ತಿ ಕೊಡುವ ಬರ್ಫದ ತುಂಡು ಎಂಟಾಣೆ. ನಳದ ನೀರು ವಾರಗಟ್ಟಲೆ ಬಾರದ್ದರಿಂದ ಬಂಡಿಯ ನೀರಿಗೂ ದರ ಬಂದಿತ್ತು, ಕೊಡಕ್ಕೆ ಇಪ್ಪತ್ತು ಪೈಸೆ. ಮೆಹಬೂಬಿ ಎಲ್ಲ ಕೂಡಿಸಿ ನೋಡಿ, ಈ ಸಲ ಬರ್ಫ ಬೇಡ, ನಿಂಬೆ ದಿನ ಬಿಟ್ಟು ದಿನ, ನೀರಿನಲ್ಲಿ ಮಾತ್ರ ಕೈ ಬಿಗಿ ಮಾಡಬಾರದು ಎಂದು ಗಟ್ಟಿ ಮಾಡಿಕೊಂಡಳು.

ನೀರಿನ ಮೇಲೆ ಅವಳ ಕಣ್ಣಿರಲು ಕಾರಣವಿತ್ತು. ಯುಗಾದಿ ಆದ ಮೇಲೆ ಗಂಡ ಗೌಸಸಾಬನಿಗೆ ಬಲಗಡೆ ಸೊಂಟದ ಮೇಲೆ ನೋವು ಬಂದು, ಅರವತ್ತು ರೂಪಾಯಿ ಕೊಟ್ಟು ಎಕ್ಸರೇ ತೆಗೆಸಿದ್ದರು. ಮೂತ್ರಪಿಂಡದಲ್ಲಿ ಹರಳು. ಗದಗಿನ ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ್ದರು:

"ಸಣ್ಣದೈತಿ. ನೀರು ಕುಡಕೋತ ಇದ್ರ ತಾನ ಜಾರಿ ಹೋಗತೈತಿ. ನೀರು ಕಡಿಮಿ ಆದ್ರ ಬೆಳೀತೈತಿ, ಅಡ್ಡ ಸಿಕ್ಕೋತೈತಿ. ಹಂಗಾದ್ರ ಆ ಕಡೀ ಕಿಡ್ನಿ ಕೈ ಬಿಡತೈತ್ರಿ ಗೌಸಸಾಬ."

ಗೌಸಸಾಬ ಕಲಾಯಿಯವನು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಒಳಮೈಗೆ ತವರದ ಹೊಳಪು ಏರಿಸುವುದು ಅವನ ಕೆಲಸ. ನೇಕಾರರ ಓಣಿಯ ತುದಿಗೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅವನ ತಂದೆ ಮೌಲಾಸಾಬನೂ ಅಲ್ಲೇ ಕೂತು ತಿದಿ ಒತ್ತಿದವನು. ಬೆಂಕಿಯ ಮುಂದೆ ಕೂತೂ, ಹಗಲಿಡೀ ಹನಿ ನೀರೂ ಮುಟ್ಟದ ರೋಜಾ ಉಪವಾಸ ತಪ್ಪಿಸದ ಮನೆತನ ಎಂದು ಬೆಟಗೇರಿಯಲ್ಲಿ ಅವರಿಗೆ ಹೆಸರಿತ್ತು. ಮೀಸೆ ಚಿಗುರುವ ಮೊದಲೇ ಹಿಡಿದ ರೋಜಾ, ನಲವತ್ತಾರು ವಯಸ್ಸಾದರೂ ಗೌಸಸಾಬ ಒಂದನ್ನೂ ತಪ್ಪಿಸಿರಲಿಲ್ಲ. ಅದರಿಂದ ಮೈಗೆ ಕೆಡುಕಾದೀತು ಎಂದರೆ ಅವನು ನಂಬುವವನೂ ಅಲ್ಲ. ಪ್ರತಿ ಸಲ ತಿಂಗಳು ಮುಗಿಯುವಾಗ ಬೀಡಿಯ ಕೆಮ್ಮು ತಗ್ಗಿರುತ್ತಿತ್ತು, ಎದೆಯುರಿ ಹೋಗಿರುತ್ತಿತ್ತು, ಮೈ ಹಗುರಾಗಿರುತ್ತಿತ್ತು. ಇಷ್ಟು ವರ್ಷ ಒಳ್ಳೆಯದು ಮಾಡಿದ್ದು ಈಗ ಕೆಟ್ಟದ್ದು ಹೇಗೆ ಮಾಡೀತು?

"ಡಾಕ್ಟರು ಕೊಟ್ಟ ಗುಳಿಗಿ ನಸುಕಿನ ಸಹರಿ ಊಟದ ಹೊತ್ತಿಗೆ ತಗೋತೀನಿ," ಎಂದ ಹೆಂಡತಿಗೆ. "ನೀರೂ ಆವಾಗ ಕುಡದುಬಿಡತೀನಿ. ಮರಳುಗಾಡಿನ ಒಂಟಿ ಕುಡಿಯೂದಿಲ್ಲೇನು ಒಮ್ಮೆಲೆ?"

"ನೀವು ಒಂಟಿ ಅಲ್ರಿ. ಒಂಟಿ ನಿಮ್ಮಂಗ ತಿದಿ ಒತ್ತೂದಿಲ್ಲ," ಎಂದಳು ಮೆಹಬೂಬಿ.

ಮೇ ತಿಂಗಳೆಂದರೆ ಲಗ್ನದ ಕಾಲ. ಹಂಡೆ, ಕೊಡ, ಪರಾತಗಳು ಅಂಗಡಿಯ ಮುಂದೆ ರಾಶಿ ಬಿದ್ದಿದ್ದವು. ಅಸುಂಡಿ, ನಾಗಾವಿಯಿಂದಲೂ ಬಂಡಿಯಲ್ಲಿ ಹೇರಿಕೊಂಡು ತರುತ್ತಿದ್ದರು. ಗೌಸಸಾಬ ಬೆಳಗಿನಿಂದ ಕೆಂಡದ ಮುಂದೆ ಕೂತು ಬೆವರು ಸುರಿಸುತ್ತಿದ್ದ. ಮೈಯಿಂದ ಹೋದ ನೀರಿಗೆ ಬದಲು ನೀರು ಒಳಗೆ ಹೋಗುತ್ತಿರಲಿಲ್ಲ. ಒಂದು ವಾರದೊಳಗೆ ಅವನು ಹಿತ್ತಲಿಗೆ ಹೋಗಿ ಬರುವುದು ದಿನಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಮೆಹಬೂಬಿ ಅದನ್ನು ಗಮನಿಸಿದಳು, ಹೇಳಲಿಲ್ಲ. ಹೇಳಿದರೆ ಹಟ ಹೆಚ್ಚಾಗುವ ಗಂಡಸು ಅವನು.

ಗೋಡೆಯಾಚೆಯ ಮನೆ ಗೋಪಣ್ಣನದು. ಸೀರೆ ನೇಯುವವನು, ಗೌಸಸಾಬನ ಬಾಲ್ಯದ ಗೆಳೆಯ. ಹಂಡೆ ಒಯ್ಯಲು ಬಂದವನು ಗೆಳೆಯನ ಒಣಗಿದ ತುಟಿ ನೋಡಿ ಅಲ್ಲೇ ಕುಕ್ಕರಿಸಿದ.

"ಲೇ ಗೌಸ್ಯಾ, ನನ್ನ ನೋಡು. ಸೋಮವಾರಕ್ಕೊಮ್ಮೆ ಉಪವಾಸ, ಬರೇ ನೀರು. ಮಗ್ಗದ ಕುಣ್ಯಾಗ ಕುಂತು ಕುಂತು ಉಬ್ಬಿದ ಹೊಟ್ಟಿ ಹೆಂಗ ಇಳದೈತಿ ನೋಡು, ಮೈ ಅರಳಿಯಂಗ ಹಗುರ ಆಗೇತಿ."

"ನೀರು ಕುಡದ ಮ್ಯಾಲ ಅದ್ಯಾವ ಉಪವಾಸಲೇ?"

"ನೀರೂ ಇಲ್ಲದ್ದು ಉಪವಾಸಲ್ಲ, ಹಟ. ನೀರು ಕುಡಕೋತ ಇದ್ರ ಮನಶ್ಯಾ ಎಷ್ಟು ದಿನ ಬೇಕಾದ್ರೂ ಇರತಾನ. ರೋಗ ಎಲ್ಲಾ ತೊಳದು ಹೊರಗ ಬರತಾವ."

ಗೋಡೆಯಾಚೆಯಿಂದ ಅವನ ಹೆಂಡತಿ ಅಂಬವ್ವನ ದನಿ ಬಂತು. "ಎಷ್ಟು ದಿನ ಬೇಕಾದ್ರೂ? ಹೋದ ಶ್ರಾವಣದಾಗ ಏನಾತು ಅದನ್ನೂ ಹೇಳ್ರಿ ಗೌಸಣ್ಣಗ! ಒಂದು ದಿನಕ್ಕ ಇಷ್ಟು ಛಲೋ ಆತಂದ್ರ ವಾರ ಮಾಡಿದ್ರ ಎಷ್ಟು ಛಲೋ ಆದೀತು ಅಂತ ಹೊಂಟ್ರು. ನಾಕನೇ ದಿನ ಕಣ್ಣಿಗಿ ಕತ್ತಲಿ ಬಂದು ಮಗ್ಗದ ಕುಣ್ಯಾಗ ಬಿದ್ರು. ಇಬ್ಬರು ಹಿಡದು ಎತ್ತೇವಿ. ಎದ್ದಾವ್ರ ನಾಕು ರೊಟ್ಟಿ ಒಮ್ಮೆಲೆ ತಿಂದು ಮತ್ತ ಬಿದ್ರು. ಗಂಜಿ ಕುಡಿಸಿ ಕುಡಿಸಿ ಬದುಕಿಸೇನಿ!"

"ಆಕಿ ಮಾತು ಕೇಳಬ್ಯಾಡ," ಎಂದು ಗೋಪಣ್ಣ ಹಂಡೆ ತಲೆಗೇರಿಸಿಕೊಂಡು ಹೊರಟ.

ಗೌಸಸಾಬ ಬಹಳ ದಿನಗಳ ಮೇಲೆ ನಕ್ಕ. ನಗುವಾಗ ಪಕ್ಕೆ ಹಿಡಿದುಕೊಂಡದ್ದನ್ನು ಮೆಹಬೂಬಿ ನೋಡಿದಳು.

ಎರಡು ದಿನಕ್ಕೆ ಆ ನೋವು ಅವನನ್ನು ಕೆಡವಿತು. ಮಧ್ಯಾಹ್ನ ಕೈಯಲ್ಲಿದ್ದ ಇಕ್ಕಳ ಬಿಟ್ಟು ನೆಲಕ್ಕೆ ಒರಗಿದ. ಹಿತ್ತಲಿಗೆ ಹೋಗಿ ಬಂದವನ ಮುಖ ಬಿಳುಪೇರಿತ್ತು. ಮೂತ್ರದಲ್ಲಿ ರಕ್ತ ಕಂಡಿತ್ತು. ಟಾಂಗಾದಲ್ಲಿ ಕೂಡ್ರಿಸಿಕೊಂಡು ಮತ್ತೆ ಡಾಕ್ಟರ ಕಡೆಗೆ ಹೋದರು. ಡಾಕ್ಟರು ಇಂಜಕ್ಷನ್ ಕೊಟ್ಟು, ಈ ಸಲ ಗೌಸಸಾಬನ ಬದಲು ಮೆಹಬೂಬಿಯ ಮುಖ ನೋಡಿ ಮಾತಾಡಿದರು.

"ಗಟ್ಟಿಮುಟ್ಟಾದವರಿಗೆ ಒಂದು ಹೊತ್ತು, ಎರಡು ಹೊತ್ತು ಹೊಟ್ಟಿಗೆ ವಿಶ್ರಾಂತಿ ಕೊಡೂದು ನಾ ಬ್ಯಾಡ ಅನ್ನೂದಿಲ್ಲ. ಇವರದು ಬ್ಯಾರೆ ಮಾತು. ಹರಳು ಇರೂತನಕ, ಈ ಬ್ಯಾಸಿಗ್ಯಾಗ, ಬೆಂಕಿ ಮುಂದ, ನೀರಿಲ್ಲದ ಒಂದು ದಿನಾನೂ ಕೂಡದು. ಇನ್ನೊಮ್ಮೆ ಹಿಂಗ ಬಂದ್ರ ನನ್ನ ಕಡೆ ಅಲ್ಲ, ಹುಬ್ಬಳ್ಳಿಗೆ ಹೋಗಬೇಕಾಗತೈತಿ, ಕೊಯ್ಯಾಕ."

ದಾರಿಯಲ್ಲಿ ಮೆಹಬೂಬಿ ಟಾಂಗಾವನ್ನು ಮಸೀದಿಯ ಮುಂದೆ ನಿಲ್ಲಿಸಿದಳು. "ನನ್ನ ಮಾತು ಬ್ಯಾಡ. ಒಳಗ ಹೋಗಿ ಇಮಾಮರ ಕೇಳಿ ಬರ್ರಿ," ಎಂದಳು.

ಇಮಾಮರು ಹೇಳಿದ್ದು ಸರಳವಾಗಿತ್ತು. ಬೇನೆ ಬಿದ್ದವನಿಗೆ ರೋಜಾ ಕಡ್ಡಾಯವಲ್ಲ. ಗುಣವಾಗುವ ಬೇನೆಯಾದರೆ ತಪ್ಪಿದ ದಿನಗಳನ್ನು ಮುಂದೆ ಹಿಡಿದು ತೀರಿಸಬೇಕು, ಅದಕ್ಕೆ ಕಜಾ ಎನ್ನುತ್ತಾರೆ. ಗುಣವೇ ಆಗದ ಬೇನೆಯಾದರೆ ದಿನಕ್ಕೊಬ್ಬ ಬಡವನಿಗೆ ಊಟ ಹಾಕಬೇಕು. ನೀರು ಕುಡಿದು ಊಟವಷ್ಟೇ ಬಿಟ್ಟರೆ ರೋಜಾ ಆಗುತ್ತದೆಯೇ ಎಂದು ಗೌಸಸಾಬ ಕೇಳಿದ್ದಕ್ಕೆ ಅವರು ನಕ್ಕು, "ಅದು ಬರೇ ಹಸಿವಿ ಆಗತೈತಪ್ಪಾ," ಎಂದರು.

ಮನೆಗೆ ಬಂದ ಗೌಸಸಾಬ ಗೋಡೆಗೆ ಮುಖ ಮಾಡಿ ಮಲಗಿದ. "ನಾಳೆ ರೋಜಾ ಹಿಡಿಯಾವನ," ಎಂದ. "ಊಟ ಹಾಕಿ ಕೈ ತೊಳಕೊಳ್ಳಾಕ ನಾ ಏನು ಸಾಯಾಕ ಬಿದ್ದೀನೇನು? ಕಜಾ ಅಂತ. ಓಣಿ ಮಂದಿ ಎದುರಿಗೆ ಅಂಗಡ್ಯಾಗ ಕುಂತು ಗಟಗಟ ನೀರು ಕುಡೀಬೇಕು, ಆಮ್ಯಾಲ ಎಂದೋ ತೀರಸ್ತೀನಿ ಅನ್ನಬೇಕು. ಮೌಲಾಸಾಬನ ಮಗಾ ಹಿಂಗ ಮಾಡಿದಾ ಅಂತಾರ. ಗಂಡಸಾದವ ಮಾಡೂ ಕೆಲಸೇನು ಇದು?"

ಮರುದಿನ ಹಿಡಿದೇಬಿಟ್ಟ. ನಸುಕಿನಲ್ಲಿ ಎದ್ದು ತಾನೇ ಎರಡು ತಂಬಿಗೆ ನೀರು ಕುಡಿದು ಕೂತ. ಮೆಹಬೂಬಿ ಅಂಗಡಿಯ ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಬೆಂಕಿಯಿಂದಾದರೂ ಅವನನ್ನು ಆ ದಿನ ದೂರ ಇಟ್ಟಳು. ಮಧ್ಯಾಹ್ನ ನೋವು ಮತ್ತೆ ಏಳತೊಡಗಿತು. ಅವನು ಹಲ್ಲು ಕಚ್ಚಿ ಕೂತಿದ್ದ.

ಆಗ ಮೆಹಬೂಬಿ ಅಡಿಗೆಮನೆಯಿಂದ ಒಂದು ತಂಬಿಗೆ ನೀರು ತಂದಳು. ಅವನ ಎದುರಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ತಂಬಿಗೆ ಎತ್ತಿ, ಅವನನ್ನೇ ನೋಡುತ್ತ, ಅರ್ಧ ನೀರು ಕುಡಿದಳು.

ಗೌಸಸಾಬ ಬೆಚ್ಚಿಬಿದ್ದ. "ಏನ್ ಮಾಡಾಕತ್ತೀ ನೀ? ನಿಂದು ರೋಜಾ ಇಲ್ಲೇನು?"

"ಇಲ್ಲ. ನಿನ್ನೆಯಿಂದ ಇಲ್ಲ. ಹೆಂಗಸರಿಗೆ ತಿಂಗಳ ದಿನ ಬರೂದಿಲ್ಲೇನ್ರಿ? ಆ ದಿನ ರೋಜಾ ಹಿಡಿಯಾಕ ನಮಗ ಹುಕುಮಿಲ್ಲ."

ಇಬ್ಬರಿಗೂ ಲಗ್ನವಾಗಿ ಇಪ್ಪತ್ತೆರಡು ವರ್ಷ. ರಮ್ಜಾನಿನಲ್ಲಿ ಹಗಲು ಹೊತ್ತು ಅವಳು ನೀರು ಕುಡಿದದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

"ನೀವು ನೋಡಿಲ್ಲ, ಯಾಕಂದ್ರ ನಾನು ಅಡಿಗಿಮನಿ ಬಾಗಲ ಮರಿಗೆ ನಿಂತು ಕುಡೀತಿದ್ದೆ," ಎಂದಳು ಮೆಹಬೂಬಿ. "ನಮ್ಮವ್ವ ನನಗ ಹಂಗ ಕಲಿಸಿದ್ಳು, ನಾ ನಮ್ಮ ಮಗಳು ಮುಮ್ತಾಜಗ ಕಲಿಸೇನಿ. ಮನ್ಯಾಗ ಗಂಡಸರ ಮುಂದ ಕುಡಿಯೂದು ಬ್ಯಾಡ ಅಂತ. ಸಂಜೀಮುಂದ ನಿಮ್ಮ ಜೋಡಿ ಕುಂತು ಖರ್ಜೂರ ಕೈಯಾಗ ಹಿಡೀತಿದ್ದೆ, ನನಗೂ ಹಸದೈತಿ ಅನ್ನೂವಂಗ. ಆಮ್ಯಾಲ ಚಳಿಗಾಲದಾಗ ಆ ದಿನಾ ಎಲ್ಲಾ ಹಿಡದು ತೀರಸತೀನಿ. ಒಂದೂ ಬಾಕಿ ಇಟ್ಟಿಲ್ಲ."

"ಚಳಿಗಾಲದಾಗ? ಯಾವಾಗ? ನನಗ ಗೊತ್ತ ಇಲ್ಲ."

"ನಿಮಗ್ಹೆಂಗ ಗೊತ್ತಾಗಬೇಕು? ನೀವೆಲ್ಲಾ ಮಲಗಿದಾಗ ಒಬ್ಬಾಕಿನ ಎದ್ದು, ಒಬ್ಬಾಕಿನ ರೊಟ್ಟಿ ತಿಂತಿದ್ದೆ. ಮಧ್ಯಾಹ್ನ ನಿಮಗ ಬಡಸ್ತಿದ್ದೆ. ನಿಂದು ಊಟ ಆತೇನು ಅಂತ ಒಮ್ಮೊಮ್ಮೆ ಕೇಳ್ತಿದ್ರಿ. ಆತು ಅಂತಿದ್ದೆ."

ಗೌಸಸಾಬನಿಗೆ ಅದು ನೆನಪಿತ್ತು. 'ಆತು' ಎಂದು ಬೆನ್ನು ತಿರುಗಿಸಿ ಒಲೆಯ ಕಡೆಗೆ ಹೋಗುತ್ತಿದ್ದಳು.

"ಗಂಡಸಾದವ ಮಾಡೂ ಕೆಲಸಲ್ಲ ಅಂದ್ರಿ ನಿನ್ನೆ," ಎಂದಳು ಮೆಹಬೂಬಿ. ಅವಳ ದನಿ ಏರಿರಲಿಲ್ಲ. "ಖರೆ. ಇದು ಹೆಂಗಸರ ಕೆಲಸ. ನಿಮ್ಮವ್ವ ಖೈರುನಬೀನೂ ಮಾಡಿದ್ಳು. ನಾವು ಯಾರೂ ರೋಜಾ ಕಳಕೊಂಡಿಲ್ಲ, ಮುಂದ ಹಾಕಿ ತೀರಿಸೇವಿ. ನೀವು ಸೋಲು ಅನ್ನೂದು ನಮಗ ವರ್ಷಾ ಇರೂದ. ನಿಮಗ ಹೆಸರು ಹೋಗತೈತಿ ಅಂತ ಚಿಂತಿ. ನನಗ ನೀವು ಹೋಗತೀರಿ ಅಂತ ಚಿಂತಿ. ತಗೋರಿ."

ತಂಬಿಗೆಯನ್ನು ಮುಂದೆ ಸರಿಸಿದಳು. ಅರ್ಧ ನೀರು ಇತ್ತು.

ಅವನು ಅದನ್ನು ನೋಡಿದ. ಆ ತಂಬಿಗೆಗೆ ತಾನೇ ಕಲಾಯಿ ಹಾಕಿದ್ದ. ಆಮೇಲೆ ಎತ್ತಿಕೊಂಡ. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ಬಂತು. ತಂಬಿಗೆ ಖಾಲಿ ಮಾಡಿ ಕೆಳಗಿಟ್ಟು, "ಇನ್ನೊಂದು ತಾ," ಎಂದ.

ಅವತ್ತಿನಿಂದ ಅವನು ಅದೇ ಹಟವನ್ನು ನೀರಿಗೆ ಹಾಕಿದ. ನಸುಕಿನ ತಂಪಿನಲ್ಲಿ ತಿದಿ ಒತ್ತಿ, ಬಿಸಿಲೇರುವ ಮೊದಲೇ ಕೆಂಡ ಆರಿಸುತ್ತಿದ್ದ. ಕೈಯಲ್ಲಿದ್ದ ಲಗ್ನದ ಕೆಲಸ ಅರ್ಧ ಮುಗಿಯಿತು, ಉಳಿದದ್ದು ಬೇರೆ ಕಲಾಯಿಯವರಿಗೆ ಹೋಯಿತು. ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗಲು ಮೆಹಬೂಬಿ ಬಿಡಲಿಲ್ಲ. ಮಧ್ಯಾಹ್ನ ಒಳಗೆ ಕೂಡ್ರಿಸಿ ಉಣಿಸಿದಳು. ನೀರಿನ ತಂಬಿಗೆ ಅಂಗಡಿಯ ಒಳಗೋಡೆಯ ಗೂಡಿನಲ್ಲಿ ಇರುತ್ತಿತ್ತು. ರೋಜಾ ಹಿಡಿದವರ ಕಣ್ಣೆದುರು ಕುಡಿಯುವುದು ಸರಿಯಲ್ಲವೆಂದು ಅವನು ಒಳಗೆ ಹೋಗಿಯೇ ಕುಡಿಯುತ್ತಿದ್ದ. ಆದರೆ ಕೇಳಿದವರಿಗೆ ಮುಚ್ಚಿಡಲಿಲ್ಲ.

ಮೊದಲು ಕೇಳಿದವನು ಹಳೇ ಸಾಮಾನು ಮಾರುವ ರಹಮಾನಸಾಬ. ಅವನಿಗೆ ಇಂಥ ಖಬರು ಬೇಗ ಮುಟ್ಟುತ್ತಿತ್ತು. "ಏನ್ ಗೌಸಭಾಯಿ, ರೋಜಾ ಬಂದ್ ಮಾಡಿದ್ಯಂತ? ಮೌಲಾಸಾಬ ಚಾಚಾ ಇದ್ದಿದ್ರ..."

"ಬಂದ್ ಮಾಡಿಲ್ಲ. ಚಳಿಗಾಲಕ್ಕ ಹಾಕೇನಿ," ಎಂದ ಗೌಸಸಾಬ. "ಹೆಂಗ ಅಂತ ನಿನ್ನ ಹೇಣ್ತೀನ ಕೇಳು, ಹೇಳತಾಳ."

ರಹಮಾನಸಾಬ ಮನೆಗೆ ಹೋಗಿ ಕೇಳಿದನೋ ಇಲ್ಲವೋ, ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆಗಸ್ಟಿನಲ್ಲಿ ಹರಳು ಬಿದ್ದಿತು. ಅರ್ಧ ತೊಗರಿಬೇಳೆಯಷ್ಟಿತ್ತು. ಗೋಪಣ್ಣ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಇಷ್ಟಕ್ಕ ಟಾಂಗಾದಾಗ ಹೋಗಿದ್ಯೇನಲೇ?" ಎಂದ. "ಶ್ರಾವಣದಾಗ ಗಂಜಿ ಕುಡದು ಎದ್ದಾವ ನೀ, ಸುಮ್ಮನಿರು," ಎಂದ ಗೌಸಸಾಬ.

ಡಿಸೆಂಬರಿನಲ್ಲಿ ಅವನು ತಾನಾಗಿ ಡಾಕ್ಟರ ಬಳಿಗೆ ಹೋಗಿ, ಇನ್ನೊಂದು ಎಕ್ಸರೇ ತೆಗೆಸಿ, ತೀರಿಸಬೇಕಾದ ದಿನಗಳಿವೆ ಎಂದು ಕೇಳಿದ. ಹರಳಿರಲಿಲ್ಲ. ಡಾಕ್ಟರು ಕರಾರು ಹಾಕಿ ಒಪ್ಪಿದರು. ರೋಜಾ ಹಿಡಿದ ದಿನ ಅಂಗಡಿಯ ಬೆಂಕಿ ಹೊತ್ತಿಸಬಾರದು. ಒಂದು ಹಿಡಿದರೆ ನಡುವೆ ಎರಡು ದಿನ ಬಿಡಬೇಕು. ಸಂಜೆಯಿಂದ ನಸುಕಿನವರೆಗೆ ನೀರು ಕುಡಿಯುತ್ತಿರಬೇಕು. ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅವನು ಎಲ್ಲದಕ್ಕೂ ಹೂಂ ಎಂದ, ಹಾಗೆಯೇ ನಡೆದ.

ಮೊದಲ ದಿನ ನಸುಕಿನಲ್ಲಿ ಮೆಹಬೂಬಿ ಎದ್ದಾಗ ಒಲೆ ಹೊತ್ತಿತ್ತು. ಕೆಂಡ ಹೊತ್ತಿಸುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ಕಜಾ ದಿನಗಳೂ ಬಾಕಿ ಇದ್ದವು. ಇಬ್ಬರೂ ಒಲೆಯ ಮುಂದೆ ಕೂತು ಉಂಡರು. ಅವಳವು ಬೇಗ ತೀರಿದವು. ಆಮೇಲಿನವನ್ನು ಅವನೊಬ್ಬನೇ ಎದ್ದು, ಒಬ್ಬನೇ ಉಂಡು, ಫೆಬ್ರುವರಿ ಮುಗಿಯುವುದರೊಳಗೆ ಮುಗಿಸಿದ. ಅವಳು ಏಳಲು ಹೋದರೆ, "ಮಲಗು ನೀ. ನಾನೂ ನೋಡತೀನಿ ಹೆಂಗಿರತೈತಿ ಅಂತ," ಎನ್ನುತ್ತಿದ್ದ.

ಮರುವರ್ಷ ರಮ್ಜಾನ್ ಇನ್ನೂ ಹತ್ತು ದಿನ ಹಿಂದೆ ಸರಿದು ಬಂತು, ಬಿಸಿಲು ಅಷ್ಟೇ ಇತ್ತು. ಗೌಸಸಾಬ, ಬೇಸಿಗೆಯಲ್ಲಿ ಹರಳು ಮತ್ತೆ ಕಟ್ಟೀತೆಂದು ಡಾಕ್ಟರು ಹೇಳಿದಂತೆ, ಆ ವರ್ಷವೂ ನೀರು ಬಿಡಲಿಲ್ಲ, ದಿನಗಳನ್ನು ಚಳಿಗಾಲಕ್ಕೆ ಹಾಕಿದ.

ಅವನು ಕಳೆದುಕೊಂಡದ್ದು ಒಂದು ಬೇಸಿಗೆಯ ಅರ್ಧ ದುಡಿಮೆ, ಮತ್ತು ಒಂದೂ ರೋಜಾ ತಪ್ಪಿಸದವನು ಎಂಬ ಹೆಸರು. ಆ ಹೆಸರು ಮತ್ತೆ ಬರಲಿಲ್ಲ. ಉಳಿದದ್ದು ಬಲಗಡೆಯ ಮೂತ್ರಪಿಂಡ. ಆ ಮನೆಯಲ್ಲಿ ಮೆಹಬೂಬಿಯಾಗಲಿ ಮುಮ್ತಾಜಳಾಗಲಿ ಬಾಗಿಲ ಮರೆಗೆ ನಿಂತು ನೀರು ಕುಡಿಯುವುದು ತಪ್ಪಿತು. ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು, ಕೂತು ಕುಡಿದರು.