ಕರ್ಯಾ ಒಪ್ಪಿದರೆ

ಹೆಂಡತಿ ತಾರವ್ವ ಸೆರಗಿನೊಳಗಿಂದ ನಾಯಿಕುನ್ನಿಯನ್ನು ಕೆಳಗೆ ಬಿಟ್ಟರೂ ಸಿದ್ದರಾಯ ತಿರುಗಿ ನೋಡಲಿಲ್ಲ. ಕುರಿಹಟ್ಟಿಯ ಬಲೆಗೆ ಗೂಟ ಬಡಿಯುತ್ತಲೇ ಇದ್ದ. ಗಡಹಿಂಗ್ಲಜದಾಚೆ, ಅರ್ಧ ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಅವರ ಕುರಿಗಳು ತಂಗಿದ್ದವು. ಕುನ್ನಿಯನ್ನು ಕೋವಾಡದಿಂದ ತಂದವನು ತಾರವ್ವನ ತಮ್ಮ ಭರಮಪ್ಪ.

"ನನಗ ಕರ್ಯಾ ಸಾಕು," ಎಂದ ಸಿದ್ದರಾಯ, ಹಟ್ಟಿಯ ಮುದಿ ನಾಯಿಯತ್ತ ನೋಡಿ. "ಅದು ಇರೂಮಟ ಇನ್ನೊಂದು ತಂದ್ರ, ನಿನ್ನ ಕೆಲಸ ಮುಗೀತು ಅಂತ ಮುಖದ ಮ್ಯಾಲ ಹೇಳಿದಂಗ."

"ನಾ ಏನ್ ಅದಕ್ಕ ಸವತಿ ತಂದೇನಿ?" ಎಂದಳು ತಾರವ್ವ. "ಕರ್ಯಾಗ ಕಿವಿ ಕೇಳೂದಿಲ್ಲಂತ ಕುರಿಗೋಳಿಗೂ ಗೊತ್ತೈತಿ. ನಿಮಗಷ್ಟ ಗೊತ್ತಾಗವಲ್ದು."

ಗೊತ್ತಿಲ್ಲದೆ ಏನು? ಸಿದ್ದರಾಯ ಸಿಳ್ಳೆ ಹಾಕುವುದನ್ನು ಬಿಟ್ಟು ಕೈ ಬೀಸಿ ಕರೆಯಲು ಶುರುಮಾಡಿ ಒಂದು ಮಳೆಗಾಲವೇ ಕಳೆದಿತ್ತು. ಮೊನ್ನೆ ತೋಳ ಬಲೆಯಡಿ ನುಸುಳಿ ಕುರಿಮರಿಯೊಂದನ್ನು ಕಚ್ಚಿಕೊಂಡು ಹೋದಾಗ ಕರ್ಯಾ ಅಲ್ಲೇ ಮಗ್ಗುಲಲ್ಲಿ ಮಲಗಿತ್ತು. ಗಾಳಿ ಆಕಡೆಗಿತ್ತು, ನಾಯಿಯದೇನು ತಪ್ಪು ಎಂದು ಇವನೇ ಅದರ ಪರ ವಕೀಲಿ ಮಾಡಿದ್ದ. ಎಂಥ ನಾಯಿ ಅದು. ಒಮ್ಮೆ ಹಿರಣ್ಯಕೇಶಿ ತುಂಬಿ ಬಂದಾಗ, ಆಚೆ ದಡದಲ್ಲಿ ಉಳಿದ ಈದ ಕುರಿಯನ್ನು ನೀರು ಇಳಿಯುವತನಕ ಉಪವಾಸ ಕೂತು ಕಾಯ್ದಿತ್ತು. ಅಂಥದ್ದರ ಮುಂದೆ ಈ ಅಂಗೈಯಗಲದ ಪ್ರಾಣಿಯನ್ನು ತಂದು ನಿಲ್ಲಿಸುವುದೆಂದರೆ ಸಿದ್ದರಾಯನಿಗೆ ತನಗೇ ಅವಮಾನವಾದಂತಿತ್ತು.

"ನಾಳೆ ಮುಂಜಾನಿ ನಾ ಹೊಂಟೇನಿ ಮಾವ," ಎಂದ ಭರಮಪ್ಪ. "ಬ್ಯಾಡಂದ್ರ ಪರತ ಒಯ್ತೀನಿ. ಕೇಳವ್ರು ಭಾಳ ಮಂದಿ ಅದಾರ."

"ಕರ್ಯಾ ಒಪ್ಪಿದ್ರ ನೋಡೂಣು," ಎಂದ ಸಿದ್ದರಾಯ. ಅದು ಒಪ್ಪುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಕರ್ಯಾ ಬಂದು ಮೂಸಿ ಗುರ್ ಎಂದಿತು. ಕುನ್ನಿ ಅಂಗಾತ ಬಿದ್ದು ಉಚ್ಚೆ ಹೊಯ್ದುಕೊಂಡಿತು. ಸಿದ್ದರಾಯ ಮೀಸೆಯಡಿ ನಕ್ಕ.

ಹೊತ್ತು ಮುಳುಗುತ್ತಿತ್ತು. ತಾರವ್ವ ರೊಟ್ಟಿ ಬಡಿಯುತ್ತಿದ್ದಳು. ಕುನ್ನಿ ಇದ್ದಕ್ಕಿದ್ದಂತೆ ಕಿವಿ ನಿಗುರಿಸಿ, ಕಡಿಯದೆ ಉಳಿದ ಕಬ್ಬಿನತ್ತ ಸಣ್ಣಗೆ ಗುರುಗುಟ್ಟಿತು. ಕರ್ಯಾನಿಗೆ ಏನೂ ಕೇಳಿಸಲಿಲ್ಲ. ಆದರೆ ಅದು ಕುನ್ನಿಯನ್ನು ನೋಡಿತು. ಕುನ್ನಿಯ ಕಿವಿ ಎತ್ತ ತಿರುಗಿತ್ತೋ ಅತ್ತ ನೋಡಿತು. ಮರುಕ್ಷಣ ಬಲೆ ಹಾರಿ ಕಬ್ಬಿನೊಳಗೆ ನುಗ್ಗಿತು. ಬೂದು ಬೆನ್ನೊಂದು ಬದುವಿನ ಮೇಲೆ ಕಂಡು ಮಾಯವಾಯಿತು. ಭರಮಪ್ಪ ಬಡಿಗೆ ಹುಡುಕುವಷ್ಟರಲ್ಲಿ ಕರ್ಯಾ ಏದುಸಿರು ಬಿಡುತ್ತ, ಬಾಲ ಎತ್ತಿಕೊಂಡು ತಿರುಗಿ ಬಂದಿತ್ತು.

ಸಿದ್ದರಾಯ ಅದರ ಬೆನ್ನು ಸವರಿದ. ಅದರ ಮಾನ ಕಾಯಲು ತಾನು ಇಷ್ಟು ದಿನ ಒದ್ದಾಡಿದ್ದೇ ಬಂತು, ನಾಯಿಗೆ ಕುರಿ ಉಳಿದರೆ ಸಾಕಾಗಿತ್ತು.

"ಭರಮಾ, ನಾಳೆ ನೀ ಒಬ್ಬನ ಹೋಗು," ಎಂದ.

ತಾರವ್ವ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಕರ್ಯಾ ಕುನ್ನಿಯ ಸುತ್ತ ಒಂದು ಸುತ್ತು ಹಾಕಿ, ಅದಕ್ಕೆ ಪಕ್ಕೆ ಒತ್ತಿಕೊಂಡು ಮಲಗಿತು. ಸ್ವಲ್ಪ ಹೊತ್ತಿಗೆ ಕುನ್ನಿ ಮಿಸುಕಿತು. ಕರ್ಯಾ ತಟ್ಟನೆ ತಲೆಯೆತ್ತಿ ಅದರ ಕಿವಿ ನೋಡಿತು. ಕಿವಿ ಜೋಲುಬಿದ್ದಿತ್ತು, ಕುನ್ನಿಗೆ ಏನೋ ಕನಸು. ಮುದಿ ನಾಯಿ ಗದ್ದವನ್ನು ನೆಲಕ್ಕೂರಿ, ಎರಡೂ ಕಣ್ಣು ಮುಚ್ಚಿತು.