ಸಮಪಾಲಿನ ಗುಳಿಗೆಗಳು

ನ್ಯೂಜಿಲೆಂಡಿನ ಲೋವರ್ ಹಟ್‌ನ ನಮ್ಮ ಡಾಕ್ಟರು ಎಷ್ಟು ವರ್ಷ ಓದಿದ್ದರೋ ಗೊತ್ತಿಲ್ಲ, ಅವರಿಗೆ ಗೊತ್ತಿದ್ದ ಔಷಧಿ ಎರಡೇ: ನೀರು ಮತ್ತು ಪ್ಯಾರಸಿಟಮಾಲ್. ಗಂಟಲು ಕೆರೆದರೆ ನೀರು ಕುಡಿಯಿರಿ, ಮೈ ಕಾದರೆ ಪ್ಯಾರಸಿಟಮಾಲ್ ನುಂಗಿ, ಮುಂದಿನ ವಾರ ಬನ್ನಿ. ಮುಂದಿನ ವಾರದ ಹೊತ್ತಿಗೆ ವಾಸಿಯಾಗಿರುತ್ತಿತ್ತು, ಅದು ಬೇರೆ ಮಾತು. ಇಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕೇ ಎಂದು ಇಲ್ಲಿನ ನಾವು ಮೂರು ಕನ್ನಡದ ಮನೆಯವರು ಪ್ರತಿ ಚಳಿಗಾಲವೂ ಉರಿದುಕೊಳ್ಳುತ್ತಿದ್ದೆವು.

ಹಾಗಾಗಿ ನಮ್ಮದೇ ಏರ್ಪಾಡು ಮಾಡಿಕೊಂಡಿದ್ದೆವು. ಊರಿಗೆ ಹೋದವರು ಬರುವಾಗ ಆ್ಯಂಟಿಬಯೋಟಿಕ್ ತರಬೇಕು. ಮೈಸೂರಿನ ನಮ್ಮ ಮೆಡಿಕಲ್ ಶಾಪಿನವನು ಚೀಟಿ ಗೀಟಿ ಕೇಳಿ ಗಿರಾಕಿಯ ಮರ್ಯಾದೆ ತೆಗೆಯುವವನಲ್ಲ. ತಂದದ್ದನ್ನು ಹಂಚುವ ಕೆಲಸ ನನ್ನದು. ಎಂಜಿನಿಯರ್ ಅಲ್ಲವೇ, ಕತ್ತರಿ ಹಿಡಿದು ಸ್ಟ್ರಿಪ್ಪಿನಿಂದ ಒಂದೊಂದೇ ಗುಳಿಗೆ ಬೇರ್ಪಡಿಸಿ ಮೂರು ಮನೆಗೂ ಸಮಪಾಲು ಮಾಡುತ್ತಿದ್ದೆ. ಐದು ದಿನದ ಕೋರ್ಸನ್ನು ಐದು ದಿನ ನುಂಗಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಎರಡನೇ ದಿನಕ್ಕೆ ಹುಷಾರಾದರೆ ಉಳಿದದ್ದು ಪಕ್ಕದ ಬೀದಿಯ ದ್ರಾಕ್ಷಾಯಣಿ ಆಂಟಿಯ ಡಬ್ಬಿಗೆ ಹೋಗುತ್ತಿತ್ತು. ಆಂಟಿ ಧಾರವಾಡದವರು, ಮಗನ ಜೊತೆ ಇದ್ದರು. ಯಾರು ಕೆಮ್ಮಿದರೂ ಆ ಡಬ್ಬಿ ತೆರೆಯುತ್ತಿತ್ತು.

೨೦೧೪ರ ಜುಲೈನಲ್ಲಿ ನನ್ನ ಏಳು ವರ್ಷದ ಮಗಳು ನಿಶಾಗೆ ಕಿವಿನೋವು ಬಂತು. ಡಾಕ್ಟರು ಎರಡು ದಿನ ಕಾದು ನೋಡೋಣ ಎಂದರು. ನನ್ನ ಹೆಂಡತಿ ವಸುಂಧರಾ ಕೂಡ ಕಾಯೋಣ ಎಂದಳು. ನನಗೆ ಮೈಯೆಲ್ಲ ಉರಿಯಿತು. ಮರುದಿನ, ಶನಿವಾರ ಬೆಳಿಗ್ಗೆ, ಆಂಟಿಯ ಡಬ್ಬಿಯಿಂದ ಒಂದು ಗುಳಿಗೆ ತಂದು, ಅರ್ಧ ಮಾಡಿ, ಜೇನುತುಪ್ಪದಲ್ಲಿ ಅರೆದು ನಿಶಾಗೆ ನೆಕ್ಕಿಸಿದೆ. ಅರ್ಧ ಗಂಟೆಯಲ್ಲಿ ಅವಳ ಮೈತುಂಬ ದದ್ದು ಎದ್ದಿತು. ತುಟಿ ಊದಿತು, ಉಸಿರು ಸುಂಯ್‌ಗುಟ್ಟತೊಡಗಿತು. ಅವಳನ್ನು ಎತ್ತಿಕೊಂಡು ಓಡಿದೆ.

ಕ್ಲಿನಿಕ್ಕಿನಲ್ಲಿ ಸಿಕ್ಕಿದ್ದು ಅದೇ ನೀರಿನ ಡಾಕ್ಟರು. ನಿಶಾಳ ತೊಡೆಗೆ ಇಂಜೆಕ್ಷನ್ ಕೊಟ್ಟರು. ಅವಳ ಉಸಿರು ಸಲೀಸಾದ ಮೇಲೆ ನನ್ನ ಕಡೆ ತಿರುಗಿ, ಕೊಟ್ಟ ಗುಳಿಗೆ ಯಾವುದು ಎಂದು ಕೇಳಿದರು. ಅದನ್ನು ಇವಳಿಗೆ ಇನ್ನೆಂದೂ ಕೊಡಬಾರದು, ಎರಡನೇ ಸಲ ಇದಕ್ಕಿಂತ ಜೋರಾಗಬಹುದು, ಹೆಸರು ಬೇಕೇ ಬೇಕು ಎಂದರು.

ಆಂಟಿಗೆ ಫೋನ್ ಮಾಡಿದೆ. ಇಲ್ಲೇ ನೆಲೆಸಲು ಹಾಕಿದ್ದ ಅವರ ರೆಸಿಡೆನ್ಸಿ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ, ಪೊಲೀಸರ ಹೆಸರು ಕೇಳಿದರೇ ನಡುಗುವವರು. ಆದರೂ ಡಬ್ಬಿಯನ್ನು ಶಾಲಿನಲ್ಲಿ ಮುಚ್ಚಿಕೊಂಡು ಏದುಸಿರು ಬಿಡುತ್ತಾ ಬಂದರು. ಡಾಕ್ಟರ ಮೇಜಿನ ಮೇಲೆ ಅದನ್ನು ಸುರಿದು ಒಂದೊಂದನ್ನೇ ತಿರುವಿ ನೋಡಿದರು.

"ಎಲ್ಲಾ ಬೆಳ್ಳಗ ಅದಾವಲ್ಲೋ ಧನಂಜಯಾ," ಎಂದರು. "ಹೆಸರಿನ ಮ್ಯಾಲೇ ನೀ ಕತ್ತರಿ ಆಡಿಸಿ ಕೊಟ್ಟೀದಿ. ನಾ ಏನಂತ ಹೇಳ್ಲಿ?"

ಬೆಳಿಗ್ಗೆ ನಾನು ಕೊಟ್ಟ ಗುಳಿಗೆಯ ಸ್ಟ್ರಿಪ್ಪಿನ ಖಾಲಿ ತುಂಡನ್ನು ವಸುಂಧರಾ ಮನೆಯ ಕಸದಿಂದ ಹೆಕ್ಕಿ ತಂದಿದ್ದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಹೆಸರು ಹೋಗಿತ್ತು, ತಾರೀಖೂ ಹೋಗಿತ್ತು. ಉಳಿದದ್ದು ಒಂದೇ ಸಾಲು. ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂಬ ಆ ಸಾಲನ್ನು ಅವರು ನಿಧಾನವಾಗಿ ಗಟ್ಟಿಯಾಗಿ ಓದಿದರು. ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಂಪ್ಯೂಟರಿನಲ್ಲಿ ನಿಶಾಳ ಹೆಸರಿನ ಮುಂದೆ, ಅಲರ್ಜಿ ಇದೆ, ಯಾವ ಔಷಧಿಗೆ ಎಂದು ತಿಳಿದಿಲ್ಲ ಎಂದು ಬರೆದರು. ಅದು ಪತ್ತೆಯಾಗುವ ತನಕ ಇವಳಿಗೆ ದೊಡ್ಡ ಜ್ವರವೇ ಬಂದರೂ ಯಾವ ಆ್ಯಂಟಿಬಯೋಟಿಕ್ ಕೊಡುವುದಕ್ಕೂ ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರಂತೆ. ಪತ್ತೆ ಮಾಡುವ ತಜ್ಞರ ಸರದಿ ಸಿಗಲು ತಿಂಗಳುಗಟ್ಟಲೆ ಕಾಯಬೇಕಂತೆ.

ಊದಿದ ತುಟಿಯಲ್ಲೇ ನಿಶಾ ಕೇಳಿದಳು. "ಅಪ್ಪಾ, ವಾಟ್ ಆಮ್ ಐ ಅಲರ್ಜಿಕ್ ಟು?"

ಮೂರು ಮನೆಗೆ ಯಾವ ಕಾಯಿಲೆಗೆ ಯಾವ ಗುಳಿಗೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದವನು ನಾನು.

"ಗೊತ್ತಿಲ್ಲ ಪುಟ್ಟಿ," ಎಂದೆ.