ಪರಿವರ್ತನೆಯಲ್ಲಿರುವ ಗಂಡ

ತೋಟದಾಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಯಾರೂ ಅವಳ ಜೊತೆ ಸಂಸಾರ ಮಾಡಿದವರಲ್ಲ. ಬದನೆಕಾಯಿ ಕೊಳ್ಳಲು ಬಂದವರಿಗೆ ಅವಳು ತಾನಾಗಿಯೇ, "ಒಳಗೆ ಹುಳ ಇರಬಹುದು, ನೋಡ್ಕೊಂಡು ಹೆಚ್ಚಿ" ಎನ್ನುತ್ತಿದ್ದಳು. ಅವರು ಪಕ್ಕದ ಗಾಡಿಗೆ ಹೋಗುತ್ತಿದ್ದರು. ಅಲ್ಲಿನ ಬದನೆಕಾಯಿಯೊಳಗೆ ಹುಳ ಬದುಕುವ ಹಾಗೇ ಇರಲಿಲ್ಲ, ಅಷ್ಟು ಔಷಧಿ ಹೊಡೆದಿರುತ್ತಿದ್ದರು.

ಅವಳ ಗಂಡ ರಸಗೊಬ್ಬರದ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಸಂಜೆ ಮನೆಗೆ ಬರುವಾಗ ಹುಬ್ಬು ಬೆಳ್ಳಗಾಗಿ ತನ್ನ ತಾಯಿಗಿಂತ ವಯಸ್ಸಾದವನಂತೆ ಕಾಣುತ್ತಿದ್ದ. ಬೀದಿಯವರು ಅವನನ್ನು ಯೂರಿಯಾ ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಕರೆದರೆ ಓಗೊಡುತ್ತಿದ್ದ. ಕೆಮ್ಮು ಶುರುವಾದರೆ ಮಾತ್ರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರುತ್ತಿತ್ತು. ಆ ಕೆಮ್ಮಿಗೆ ಹೆದರಿ ತೋಟದಾಕೆ ಅವನ ಗೋದಾಮಿನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ, ಬೇಲಿಯಾಚೆ ಕೊಂಡೊಯ್ದು ಒಗೆಯುತ್ತಿದ್ದಳು. ಎಷ್ಟು ಒಗೆದರೂ ಕೊಡವಿದರೆ ಬಿಳಿ ಧೂಳು ಏಳುತ್ತಿತ್ತು.

ಅಷ್ಟರಲ್ಲಿ ಸರ್ಕಾರದ ಹೊಸ ನೀತಿ ಬಂತು. ಆಸ್ಪತ್ರೆಗಳ ಅಡುಗೆಮನೆಗೆ ಇನ್ನು ಸಾವಯವ ತರಕಾರಿ ಮಾತ್ರ, ಅದೂ ಹತ್ತಿರದ ತೋಟದ್ದು, ಅದೂ ಪ್ರಮಾಣಪತ್ರ ಇದ್ದದ್ದು. ಅವಳ ತೋಟಕ್ಕೆ ಒಂದು ಚಿಟಿಕೆ ರಾಸಾಯನಿಕವೂ ಬಿದ್ದಿರಲಿಲ್ಲ. ಆದರೇನು, ಶಂಖದಿಂದ ಬಂದರೇ ತೀರ್ಥ. ಪತ್ರ ಸಿಕ್ಕರೆ ಆಸ್ಪತ್ರೆಯ ವ್ಯಾನು ಬಾಗಿಲಿಗೇ ಬರುತ್ತದೆ, ವ್ಯಾನು ಬಂದರೆ ಗಂಡ ಗೋದಾಮು ಬಿಡಬಹುದು. ಅವಳಿಗೆ ಬೇಕಾದದ್ದು ಅಷ್ಟೇ. ಅವನ ಮೈಮೇಲಿಂದ ಆ ಅಂಗಿ ಇಳಿಯಬೇಕು, ಅವನು ಕೆಮ್ಮದೆ ತನ್ನ ಪಕ್ಕದಲ್ಲಿ ಕೂತು ಊಟ ಮಾಡಬೇಕು.

ಪರಿಶೀಲನೆಗೆ ಬಂದ ಅಧಿಕಾರಿ ಕೆಟ್ಟವನೇನಲ್ಲ. ಮಣ್ಣು ಮೂಸಿದ, ಗೊಬ್ಬರದ ಗುಂಡಿಗೆ ಕೈ ಹಾಕಿ ಎರೆಹುಳು ನೋಡಿ ಖುಷಿಪಟ್ಟ. ಪಕ್ಕದ ಹೊಲದವನು ಔಷಧಿ ಹೊಡೆಯುವವನು. ಅಲ್ಲಿಂದ ಗಾಳಿಯಲ್ಲಿ ತೂರಿ ಬರುವುದೆಲ್ಲ ತೋಟಕ್ಕೆ ತಾಗದಿರಲೆಂದು ನಡುವೆ ಒಂದು ಬಫರ್ ಪಟ್ಟಿ ಬಿಟ್ಟು, ಅದರಲ್ಲಿ ಎತ್ತರದ ಹರಳುಗಿಡ ಬೆಳೆಸಿದ್ದಳು. ಅದನ್ನೂ ಅಳೆದು ನೋಡಿ ತಲೆದೂಗಿದ. ಕೊನೆಗೆ ಕೇಳಿದ.

"ಹೊರಗಿಂದ ತೋಟದೊಳಗೆ ಏನೇನು ಬರುತ್ತೆ?"

ಬೇರೆ ಯಾರಾಗಿದ್ದರೂ ಏನೂ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಿದ್ದರು.

"ಮಳೆ," ಎಂದಳು ಇವಳು. "ಹಕ್ಕಿ. ಬೀದಿ ಬೆಕ್ಕು. ಆಮೇಲೆ ನನ್ನ ಗಂಡ. ದಿನಾ ಸಂಜೆ, ಗೊಬ್ಬರದ ಗೋದಾಮಿಂದ. ಮೈತುಂಬ ಧೂಳಿರುತ್ತೆ."

ಬಾಗಿಲಲ್ಲಿ ಕೂತಿದ್ದ ಅತ್ತೆ ಹಣೆ ಚಚ್ಚಿಕೊಂಡಳು. ಅಧಿಕಾರಿ ನಿಯಮಾವಳಿ ತೆಗೆದು ಹಾಳೆ ತಿರುವಿದ. ಮಳೆಗೆ ವಿನಾಯಿತಿ ಇತ್ತು, ಹಕ್ಕಿಗೆ ಇತ್ತು. ಬೆಕ್ಕಿಗೂ ಹೇಗೋ ಜಾಗವಾಯಿತು.

"ಗಂಡ ಅಂತ ಇದರಲ್ಲಿ ಇಲ್ಲ," ಎಂದ ಬೇಸರದಿಂದ. "ಆದ್ರೆ ಹೊರಗಿನ ಒಳಸುರಿ ಅಂತ ಇದೆ. ರಾಸಾಯನಿಕ ಅಂಟಿರೋದು, ದಿನಾ ಬರೋದು. ಅದನ್ನ ನಿಲ್ಲಿಸ್ಬೇಕು. ನಿಲ್ಲಿಸಿದ ಮೇಲೆ ಮೂರು ವರ್ಷ ಪರಿವರ್ತನೆಯಲ್ಲಿಡ್ಬೇಕು, ರಾಸಾಯನಿಕ ಬಿಟ್ಟ ನೆಲಾನ ಶುದ್ಧ ಆಗೋವರೆಗೂ ಇಡೋ ಹಾಗೆ."

"ಇವತ್ತೇ ಗೋದಾಮು ಬಿಡಿಸ್ತೀನಿ."

"ಬಿಡಿಸಿ. ಆ ದಿನದಿಂದ ಮೂರು ವರ್ಷ ಲೆಕ್ಕ."

"ಅಲ್ಲೀವರೆಗೂ ಅವರನ್ನ ಎಲ್ಲಿಡೋದು?"

ಮನೆ ಇದ್ದದ್ದು ತೋಟದ ನಡುವೆ. ಅಧಿಕಾರಿ ಸುತ್ತ ಕಣ್ಣಾಡಿಸಿ ಹರಳುಗಿಡಗಳತ್ತ ಕೈ ತೋರಿಸಿದ. "ಬಫರ್‌ನಲ್ಲಿ ಇಡಬಹುದು. ಆದ್ರೆ ಅಲ್ಲಿರೋದನ್ನ ಸಾವಯವ ಅಂತ ಮಾರೋ ಹಾಗಿಲ್ಲ."

"ಮಾರೋಕೆ ಹೋದ್ರೂ ಅವನನ್ನ ತಗೊಳ್ಳೋರು ಯಾರಪ್ಪಾ?" ಎಂದಳು ಅತ್ತೆ. "ಅದಿರ್ಲಿ, ನನ್ನ ಗತಿ ಏನು? ಹೆತ್ತವಳು ನಾನು, ನನಗೂ ಅಂಟಿರುತ್ತಲ್ಲ."

"ನೀವು ನಿಯಮ ಬರೋಕೆ ಮುಂಚಿಂದ ಇಲ್ಲೇ ಇದ್ದೀರಿ ಅಜ್ಜಿ. ಬಾವಿ ಥರ. ನಿಮಗೆ ಯಾವುದೂ ತಾಗಲ್ಲ."

ಹೀಗೆ ಪ್ರಮಾಣಪತ್ರ ಮನೆಗೆ ಬಂತು, ಗಂಡ ಹೊರಗೆ ಹೋದ. ಅವನು ಗೋದಾಮು ಬಿಟ್ಟು, ಮಂಚ ಹೊತ್ತುಕೊಂಡು ಹರಳುಗಿಡದ ಕೆಳಗೆ ಹೋಗಿ ಹಾಕಿಕೊಂಡ. ತಲೆಯ ಮೇಲೆ ತಗಡು ಹೊದಿಸಿಕೊಂಡ. ಇಲಾಖೆಯವರು ಬಂದು ಅವನ ತಲೆದೆಸೆಯಲ್ಲಿ ‘ಪರಿವರ್ತನೆಯ ಹಂತದಲ್ಲಿ’ ಎಂದು ಫಲಕ ನೆಟ್ಟರು. ಗೋದಾಮಿನ ಅಂಗಿಯನ್ನು ಸುಟ್ಟುಬಿಡೋಣ ಎಂದಳು ಅವಳು. ಪ್ರಮಾಣಿತ ತೋಟದ ಹತ್ತಿರ ಹೊಗೆ ಕೂಡದು. ಹೂಳೋಣ ಎಂದರೆ ಮಣ್ಣಿಗೆ ಕೂಡದು. ಕೊನೆಗೆ ಅವನು ಅದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದ.

ವ್ಯಾನು ಬರತೊಡಗಿತು. ಆಸ್ಪತ್ರೆಯ ರೋಗಿಗಳು ಅವಳ ಬದನೆಕಾಯಿ ತಿಂದು ಗುಣವಾದರೋ ಇಲ್ಲವೋ, ಗಂಡನ ಕೆಮ್ಮಂತೂ ಕಡಿಮೆಯಾಗುತ್ತ ಬಂತು. ಅವನ ಹುಬ್ಬು ಕಪ್ಪಾಯಿತು. ವರ್ಷಕ್ಕೊಮ್ಮೆ ಅಧಿಕಾರಿ ಬಂದು ಅವನ ಉಗುರು, ಕೂದಲು ಕತ್ತರಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದ. ಅತ್ತೆ ದಿನಾ ಹೋಗಿ ಮಗನ ಜೊತೆ ಹರಟಿ ಬರುತ್ತಿದ್ದಳು, ಅವಳು ಬಾವಿಯಲ್ಲವೇ. ತೋಟದಾಕೆ ಮಾತ್ರ ಊಟವನ್ನು ಪಟ್ಟಿಯ ಅಂಚಿನಲ್ಲಿಟ್ಟು ಈಚೆಗೆ ಸರಿದು ನಿಲ್ಲಬೇಕಿತ್ತು.

"ಉಪ್ಪು ಸರಿಯಾಗಿದೆಯಾ?" ಎಂದು ಕೂಗುತ್ತಿದ್ದಳು.

"ಒಂಚೂರು ಮುಂದಾಗಿದೆ," ಎಂದು ಅವನು ಕೂಗುತ್ತಿದ್ದ.

ಇಷ್ಟೇ ಸಂಸಾರ. ಎಷ್ಟೋ ಮನೆಗಳಲ್ಲಿ ಒಂದೇ ಕೋಣೆಯಲ್ಲಿದ್ದೂ ಇದಕ್ಕಿಂತ ಹೆಚ್ಚು ಮಾತಿರುವುದಿಲ್ಲ ಎಂದು ಅತ್ತೆ ಸಮಾಧಾನ ಹೇಳುತ್ತಿದ್ದಳು. ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ಸೊಪ್ಪಿನ ಮಡಿಗೆ ನೀರು ಹಾಯಿಸುತ್ತ ಹರಳುಗಿಡಗಳ ಸಂದಿಯಲ್ಲಿ ಅವನ ಬೆನ್ನು ಕಂಡರೆ, ನೀರು ಉಕ್ಕಿ ಕಾಲಿಗೆ ಬಂದರೂ ಗೊತ್ತಾಗುತ್ತಿರಲಿಲ್ಲ. ಮುಟ್ಟಬೇಕು ಅನಿಸುತ್ತಿತ್ತು.

ಮೂರನೆಯ ವರ್ಷ ಅತ್ತೆ ಮಗಳ ಮನೆಗೆ ಹೋಗಿದ್ದಾಗ ಅವನಿಗೆ ಜ್ವರ ಬಂತು. ಇಟ್ಟ ಊಟ ಇಟ್ಟ ಹಾಗೇ ಇತ್ತು. ಅವಳು ಅಂಚಿನಲ್ಲಿ ನಿಂತು ಕೂಗಿದಳು. ಉತ್ತರ ಬರಲಿಲ್ಲ. ಆಮೇಲೆ ಅವಳು ಯೋಚನೆ ಮಾಡಲಿಲ್ಲ, ಗಿಡಗಳನ್ನು ಸರಿಸಿಕೊಂಡು ಒಳಗೆ ಹೋದಳು. ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿನೀರು ಕುಡಿಸಿದಳು. ಜ್ವರ ಇಳಿದು ಅವನು ಕಣ್ಣು ಬಿಟ್ಟಾಗ ಮೊದಲು ಹೇಳಿದ್ದು, "ಯಾರಿಗೂ ಹೇಳ್ಬೇಡ."

ಹೇಳಬೇಡ ಎಂದು ಹೇಳಿದ್ದು ಯಾರಿಗೆ!

"ಈ ವರ್ಷ ಪಟ್ಟಿ ದಾಟಿ ಏನಾದ್ರೂ ಬಂತಾ?" ಎಂದು ಅಧಿಕಾರಿ ಕೇಳಿದಾಗ ಊರಿಂದ ಮರಳಿದ್ದ ಅತ್ತೆ ಸೊಸೆಯ ತೋಳು ಜಿಗುಟಿದಳು, ಕೆಮ್ಮಿದಳು, ಬೇಕೆಂದೇ ಒಂದು ತಂಬಿಗೆ ಕೆಳಗೆ ಬೀಳಿಸಿದಳು.

"ನಾನು ಬಂದೆ," ಎಂದಳು ಸೊಸೆ. "ಅವರಿಗೆ ಜ್ವರ ಇತ್ತು. ಹೋಗಿ, ವಾಪಸ್ಸು ಬಂದೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಹೇಳದೆ ಇದ್ದಿದ್ರೆ ಆಗ್ತಿತ್ತಲ್ಲಮ್ಮಾ," ಎಂದ. ಅವನ ದನಿ ನಿಜವಾಗಿಯೂ ಒಡೆದಿತ್ತು.

ಆ ಸಂಜೆ ಅವಳೂ ಚಾಪೆ ಸುತ್ತಿಕೊಂಡು ಪಟ್ಟಿಗೆ ಹೋದಳು. ಅವಳಿಗೂ ಮೂರು ವರ್ಷ, ಅವಳಿಗೂ ಒಂದು ಫಲಕ. ತೋಟದ ಪ್ರಮಾಣಪತ್ರಕ್ಕೆ ಏನೂ ಆಗಲಿಲ್ಲ. ಬೆಳೆದವಳು ಹೊರಗಾದಳು, ಬೆಳೆ ಒಳಗೆ ಉಳಿಯಿತು. ಇನ್ನು ಒಳಗೆ ಕಾಲಿಡಬಹುದಾದ ಮನುಷ್ಯಪ್ರಾಣಿ ಅತ್ತೆ ಒಬ್ಬಳೇ. ಅವಳು ಮೊಣಕಾಲು ಹಿಡಿದುಕೊಂಡು ಒಂದೊಂದೇ ಬದನೆಕಾಯಿ ಕಿತ್ತು ವ್ಯಾನಿಗೆ ಹಾಕುತ್ತಿದ್ದಳು. ಸೊಸೆ ಗಿಡಗಳ ಮರೆಯಿಂದ, "ಅದಿನ್ನೂ ಎಳಸು ಅತ್ತೇ, ಪಕ್ಕದ್ದು ಕೀಳಿ!" ಎಂದು ಅರಚುತ್ತಿದ್ದಳು. ವ್ಯಾನಿನವನು ಹಾರ್ನ್ ಬಾರಿಸುತ್ತಿದ್ದ.

ಆದರೆ ಒಂದು ಮಾತು ಹೇಳಲೇಬೇಕು. ಆ ತಗಡಿನ ಕೆಳಗೆ ಅವಳಿಗೆ ಬೇಕಾದದ್ದೆಲ್ಲ ಇತ್ತು. ಅವನು ಅವಳ ಪಕ್ಕದಲ್ಲೇ ಕೂತು, ಕೆಮ್ಮದೆ, ಊಟ ಮಾಡುತ್ತಿದ್ದ. ಬೇಡಿದ್ದೆಲ್ಲ ಸಿಕ್ಕಿತ್ತು, ಬೇಲಿಯ ಬದಿ ಮಾತ್ರ ತಪ್ಪಾಗಿತ್ತು. ಅದಕ್ಕೂ ಎಲ್ಲಿ ಕಣ್ಣು ಬೀಳುತ್ತದೋ ಎಂದು ಅವಳಿಗೆ ಭಯ. ಗಂಡನ ಅವಧಿ ಮುಗಿಯುತ್ತ ಬಂದಿತ್ತು.

ಮುಗಿಯಿತು. ಅಧಿಕಾರಿ ವರದಿ ಹಿಡಿದು ನಗುತ್ತ ಬಂದ. "ಇಡೀ ಜಿಲ್ಲೇಲಿ ಇಷ್ಟು ಶುದ್ಧವಾದ ಉಗುರು ಇಲ್ಲ! ನೀವಿನ್ನು ಒಳಗೆ ಹೋಗಬಹುದು." ಫಲಕವನ್ನು ತಾನೇ ಕಿತ್ತ. ಆಚೆ ಅತ್ತೆ ಬುಟ್ಟಿ ಹಿಡಿದು ನಿಂತಿದ್ದಳು. "ಬಾರೋ ಬೇಗ, ನನ್ನ ಸೊಂಟ ಬಿದ್ದೋಯ್ತು!"

ತೋಟದಾಕೆ ಚಾಪೆಯ ಮೇಲೆ ಕೂತು ಹರಳೆಲೆಯೊಂದನ್ನು ಹರಿಯುತ್ತಿದ್ದಳು. "ಹೋಗಿ," ಎಂದಳು. "ಬದನೆಗೆ ಕೋಲು ಕೊಡ್ಬೇಕು. ಅತ್ತೆಗೆ ಬಗ್ಗೋಕಾಗಲ್ಲ." ಸುಳ್ಳು ಹೇಳಲು ಬರದವಳು ‘ನನಗೇನೂ ಬೇಜಾರಿಲ್ಲ’ ಎಂದು ಹೇಗೆ ಹೇಳಿಯಾಳು?

ಗಂಡ ಎದ್ದ. ತೋಟದ ಅಂಚಿನವರೆಗೆ ಹೋಗಿ ತನ್ನ ಮನೆಯ ಬಾಗಿಲನ್ನು, ಬದನೆಸಾಲನ್ನು, ತಾಯಿಯನ್ನು ನೋಡಿದ. ತಿರುಗಿ ಬಂದ. ಬಗ್ಗಿ ಮಂಚದ ಕೆಳಗಿಂದ ತಗಡಿನ ಪೆಟ್ಟಿಗೆ ಎಳೆದ. ಗೋದಾಮಿನ ಅಂಗಿಯನ್ನು ತೆಗೆದು ಒಂದು ಸಲ ಕೊಡವಿದ. ಬಿಳಿ ಧೂಳು ಎದ್ದಿತು. ಅವನು ಅದನ್ನು ತೊಟ್ಟು ಮೇಲಿನ ಗುಂಡಿಯವರೆಗೂ ಹಾಕಿಕೊಂಡ.

"ಏನ್ರೀ ಅದು?" ಎಂದ ಅಧಿಕಾರಿ, ಗಾಬರಿಯಿಂದ.

"ಗೋದಾಮಿನ ಅಂಗಿ. ಗೊಬ್ಬರದ ಧೂಳು ಇನ್ನೂ ಇದೆ. ಇನ್ನು ಮೂರು ವರ್ಷ ಅಲ್ವಾ? ಬರ್ಕೊಳ್ಳಿ."

"ಅಯ್ಯೋ ಮಂಕೇ!" ಎಂದು ಅತ್ತೆ ಬುಟ್ಟಿ ಕುಕ್ಕಿದಳು.

ಅಧಿಕಾರಿ ಒಂದು ಗಳಿಗೆ ಅವನನ್ನೂ ಅವಳನ್ನೂ ನೋಡಿದ. ಆಮೇಲೆ ಕಿತ್ತ ಫಲಕವನ್ನು ಎತ್ತಿ, ಅದೇ ಗುಂಡಿಯಲ್ಲಿ ನಿಲ್ಲಿಸಿ, ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡಿದ.

ಧೂಳಿಗೆ ಗಂಡನಿಗೆ ಕೆಮ್ಮು ಬಂತು. ತೋಟದಾಕೆ ಎದ್ದು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಇಷ್ಟೆಲ್ಲಾ ಮಾಡಿದ್ದೇ ಈ ಅಂಗಿ ಇಳಿಸೋಕೆ ಕಣ್ರೀ," ಎಂದು ಗುಂಡಿ ಬಿಚ್ಚತೊಡಗಿದಳು. "ಬರ್ಕೊಂಡಾಯ್ತಲ್ಲ, ತೆಗೀರಿ ಮೊದಲು."